ಆಫ್ರಿಕಾದ ಹಳ್ಳಿಗೆ, ಕಾಡುಪ್ರಾಣಿಗಳ ನಡುವಿನ ಮನೆಗೆ ಮರಳುವಾಗ ಭಯವಾಗುವುದಿಲ್ಲವೇ?

ರಜೆಗೆ ಭಾರತಕ್ಕೆ ಬಂದು ಮತ್ತೆ ಆಫ್ರಿಕಾದ ಹಳ್ಳಿಗೆ ಹಿಂದಿರುಗುವಾಗ ಹೇಗನಿಸುತ್ತದೆ, ಪ್ರಾಣಿಗಳ ಭಯವಿರುವುದಿಲ್ಲವೇ ಎಂದು ಕೇಳಿದ್ದೀರಿ. ಭಯವಿದೆ. ಎರಡು ತಿಂಗಳು ಊರಿನಲ್ಲಿದ್ದು ಹೋದವನಿಗೆ ಕಾಲಿನ ಎಚ್ಚರವೂ ಕಿವಿಯ ಎಚ್ಚರವೂ ತಪ್ಪಿರುತ್ತವೆ. ಅವೆರಡೂ ಮರಳಿ ಬರುವ ತನಕದ ಹದಿನೈದು ದಿನಗಳೇ ನನಗೆ ಅತ್ಯಂತ ಭಯದ ದಿನಗಳು.

ನಾನು ಸಕಲೇಶಪುರದ ಕಡೆಯವನು. ಹನ್ನೊಂದು ವರ್ಷಗಳಿಂದ ಜಾಂಬಿಯಾದ ಪೂರ್ವ ಪ್ರಾಂತ್ಯದ ಮ್ಫುವೆ ಎಂಬಲ್ಲಿ ಪ್ರವಾಸಿಗರ ವಸತಿಗೃಹವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಲುವಾಂಗ್ವಾ ನದಿಯ ಆಚೆಗೆ 9,050 ಚದರ ಕಿಲೋಮೀಟರ್ ವಿಸ್ತಾರದ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನವಿದೆ. ಈಚೆಗೆ ಕುಂಡಾ ಜನರ ಹಳ್ಳಿಗಳಿವೆ, ಅವುಗಳ ನಡುವೆ ನನ್ನ ಬಾಡಿಗೆ ಮನೆಯೂ ಇದೆ. ನಮ್ಮ ಕಡೆ ಕಾಡಂಚಿನಲ್ಲಿ ಕಾಣುವ ಆನೆಕಂದಕವಾಗಲಿ, ರೈಲುಹಳಿಯ ತಡೆಬೇಲಿಯಾಗಲಿ ಇಲ್ಲಿಲ್ಲ. ನದಿಯೊಂದೇ ಗಡಿ. ಆನೆಗಳು ಅದನ್ನು ಮಳೆಗಾಲದಲ್ಲಿ ಈಜಿ ದಾಟುತ್ತವೆ, ಒಣಗಾಲದಲ್ಲಿ ನಡೆದೇ ದಾಟುತ್ತವೆ.

ಬೆಂಗಳೂರಿನಿಂದ ಆಡಿಸ್ ಅಬಾಬಾ ಮಾರ್ಗವಾಗಿ ಲುಸಾಕಾ, ಅಲ್ಲಿಂದ ಬಸ್ಸಿನಲ್ಲಿ ಒಂದು ಇಡೀ ದಿನದ ಹಾದಿಯಾಗಿ ಚಿಪಾಟಾ, ಚಿಪಾಟಾದಿಂದ ಮತ್ತೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಇಳಿಜಾರಿನಲ್ಲಿ ಸಾಗಿದರೆ ಕಣಿವೆ. ಈ ವರ್ಷ ನಾನು ತಲುಪಿದ್ದು ಮಾರ್ಚ್ ನಡುವಿನಲ್ಲಿ. ಹುಲ್ಲು ಆಳೆತ್ತರ ಬೆಳೆದು, ಹತ್ತು ಹೆಜ್ಜೆಯಾಚೆಗೆ ಏನಿದೆಯೆಂದು ಕಾಣದಂತಾಗುವ, ಹೊಲದಲ್ಲಿ ಮುಸುಕಿನ ಜೋಳ ತೆನೆ ಬಲಿಯುವ ಕಾಲ ಅದು. ಆನೆಗಳಿಗೂ ಇದು ಗೊತ್ತಿರುತ್ತದೆ.

ಮನೆ ತಲುಪಿದೊಡನೆ ನಾನು ಪೆಟ್ಟಿಗೆ ಬಿಚ್ಚುವುದಿಲ್ಲ, ಪಕ್ಕದ ಮನೆಗೆ ಹೋಗುತ್ತೇನೆ. ಅಲ್ಲಿನ ಹಿರಿಯಾಕೆಯನ್ನು ಎಲ್ಲರಂತೆ ನಾನೂ ಅಮಾಯಿ ಎನ್ನುತ್ತೇನೆ. ನ್ಯಾಂಜಾ ಭಾಷೆಯಲ್ಲಿ ಅಮ್ಮ ಎಂದರ್ಥ. 'ಮುಲಿ ಬ್ವಾಂಜಿ' ಎಂದು ಕ್ಷೇಮ ವಿಚಾರಿಸಿ, ಊರಿನಲ್ಲಿ ನನ್ನ ತಾಯಿ ಹೇಗಿದ್ದಾರೆ ಎಂದು ಕೇಳಿ, ಮಂಡಿಯೂರಿ ನೀರು ಕೊಟ್ಟ ಮೇಲೆ ಅವರು ನಾನಿಲ್ಲದಿದ್ದ ದಿನಗಳ ವರದಿ ಹೇಳತೊಡಗುತ್ತಾರೆ. ಈ ಸಲ ಹೇಳಿದ್ದು ಇಷ್ಟು: ಶಾಲೆಯ ಆಟದ ಮೈದಾನದ ಅಂಚಿನಲ್ಲಿ ನೀರಾನೆಗಳು ಹೊಸ ದಾರಿ ಮಾಡಿಕೊಂಡಿವೆ, ಬೋರ್‌ವೆಲ್‌ಗೆ ಹೋಗುವ ಹಳೆಯ ಕಾಲುದಾರಿಯಲ್ಲಿ ಸಂಜೆ ಐದರ ನಂತರ ಯಾರೂ ನಡೆಯುವುದಿಲ್ಲ, ಒಂಟಿ ಸಲಗವೊಂದು ಮೂರು ಮನೆಗಳ ಕಣಜ ಒಡೆದಿದೆ. ಈ ವರದಿ ಕೇಳುವಾಗಲೇ ನನಗೆ ಮನೆಗೆ ಬಂದೆ ಎನ್ನಿಸುವುದು.

ನೀರಾನೆಯ ದಾರಿಯನ್ನು ಒಮ್ಮೆ ಕಂಡವರು ಮರೆಯಲಾರರು. ಎಡಗಾಲುಗಳಿಗೊಂದು, ಬಲಗಾಲುಗಳಿಗೊಂದು ತಗ್ಗು, ನಡುವೆ ಹುಲ್ಲಿನ ದಿಂಡು. ನೋಡಿದರೆ ಚಿಕ್ಕದೊಂದು ಎತ್ತಿನಗಾಡಿ ಹೋದ ಜಾಡಿನಂತಿರುತ್ತದೆ. ನೀರಾನೆ ರಾತ್ರಿಯಿಡೀ ಹುಲ್ಲು ಮೇಯ್ದು, ಬೆಳಗಾಗುವ ಮುನ್ನ ಆ ದಾರಿಯಲ್ಲೇ ನೀರಿಗೆ ಮರಳುತ್ತದೆ. ಅದಕ್ಕೂ ನೀರಿಗೂ ನಡುವೆ ಮನುಷ್ಯ ಸಿಕ್ಕಿದರೆ ಉಳಿಯುವುದು ಕಷ್ಟ. ಹೊರಗಿನವರು ಕೇಳುವುದು ಸಿಂಹದ ವಿಷಯ. 1991ರಲ್ಲಿ ಮ್ಫುವೆಯ ಸುತ್ತಮುತ್ತ ಒಂದೇ ಸಿಂಹ ಆರು ಜನರನ್ನು ಕೊಂದದ್ದು ನಿಜ. ಅದನ್ನು ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಆದರೆ ದಿನನಿತ್ಯ ನಮ್ಮ ನಡಿಗೆಯನ್ನು ನಿರ್ಧರಿಸುವುದು ನೀರಾನೆ ಮತ್ತು ಆನೆ.

ಐದು ವರ್ಷಗಳ ಹಿಂದೆ ಹೀಗೆಯೇ ಊರಿನಿಂದ ಮರಳಿದ ಎರಡನೆಯ ಸಂಜೆ, ಕತ್ತಲಾಗುವ ಹೊತ್ತಿನಲ್ಲಿ ಟಾರ್ಚ್ ಇಲ್ಲದೆ ಬಕೆಟ್ ಹಿಡಿದು ನೀರಿಗೆ ಹೋಗಿದ್ದೆ. ಸಕಲೇಶಪುರದ ಮನೆಯಂಗಳದಲ್ಲಿ ಓಡಾಡಿದ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಬಕೆಟ್ ತುಂಬಿಸಿಕೊಂಡು ಬರುವಾಗ ಗುಡುಗುಡು ಶಬ್ದ ಕೇಳಿಸಿತು; ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿದೆ ಎಂದುಕೊಂಡೆ. ಆಮೇಲೆ ಹಸಿ ಲದ್ದಿಯ ವಾಸನೆ ಬಂತು. ಕಣಜದ ನೆರಳು ಎಂದು ನಾನು ತಿಳಿದದ್ದು ಕಿವಿ ಬೀಸಿತು. ಬಕೆಟ್ಟನ್ನು ಸದ್ದಾಗದಂತೆ ನೆಲಕ್ಕಿಟ್ಟು, ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದೆ ಸರಿದು ಅಮಾಯಿಯ ಜಗುಲಿ ಸೇರಿದೆ. ಬೆಳಿಗ್ಗೆ ಹೋಗಿ ನೋಡಿದಾಗ ಬಕೆಟ್ ಇಟ್ಟಲ್ಲೇ ನೆಟ್ಟಗೆ ನಿಂತಿತ್ತು. ನೀರು ಖಾಲಿಯಾಗಿತ್ತು, ಅಂಚಿಗೆ ಸೊಂಡಿಲಿನ ಕೆಸರು ಮೆತ್ತಿಕೊಂಡಿತ್ತು. ಅಂದಿನಿಂದ ಮರಳಿದ ಮೊದಲ ಎರಡು ವಾರ ಸಂಜೆ ಐದರ ಮೇಲೆ ನಾನು ಒಬ್ಬನೇ ಹೊಸಿಲು ದಾಟುವುದಿಲ್ಲ. ಬಾಗಿಲು ತೆರೆಯುವ ಮುನ್ನ ಕಿಟಕಿಯಿಂದ ಟಾರ್ಚ್ ಬಿಟ್ಟು ಎರಡೂ ಕಡೆ ನೋಡುತ್ತೇನೆ.

ಆದರೆ ನನ್ನ ಭಯವನ್ನು ದೊಡ್ಡದು ಮಾಡಿ ಹೇಳುವುದು ತಪ್ಪಾದೀತು, ಏಕೆಂದರೆ ನನ್ನದು ಸಂಬಳದ ಬದುಕು. ಆನೆ ಬಂದು ಹೋದರೆ ನನಗೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ, ಅಮಾಯಿಗೆ ವರ್ಷದ ಊಟವೇ ಹೋಗುತ್ತದೆ. ಮುಸುಕಿನ ಜೋಳದ ಹಿಟ್ಟಿನ ಮುದ್ದೆಯೇ ಇಲ್ಲಿನ ಅನ್ನ. ಅದನ್ನು ನ್ಸಿಮಾ ಎನ್ನುತ್ತಾರೆ. ಕರ್ನಾಟಕದಲ್ಲಿ ಆನೆ ತುಳಿದ ಬೆಳೆಗೆ, ತಡವಾಗಿಯಾದರೂ, ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಇಲ್ಲಿ ಸರ್ಕಾರದ ಅಂಥ ಪರಿಹಾರವಿಲ್ಲ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಾಯುತ್ತಾರೆ. ಒಣಮೆಣಸಿನ ಪುಡಿಯನ್ನು ಆನೆ ಲದ್ದಿಯೊಂದಿಗೆ ಕಲಸಿ ಇಟ್ಟಿಗೆಯಂತೆ ತಟ್ಟಿ ಒಣಗಿಸುತ್ತಾರೆ. ಗಾಳಿ ಬರುವ ದಿಕ್ಕಿನಲ್ಲಿ ಅದಕ್ಕೆ ಕೆಂಡವಿಟ್ಟರೆ ಆ ಘಾಟಿಗೆ ಆನೆಗಳು ಸಾಮಾನ್ಯವಾಗಿ ಹಿಂದೆ ಸರಿಯುತ್ತವೆ. ಗಾಳಿ ತಿರುಗಿದರೆ ಕೆಮ್ಮುವವರು ಕಾವಲಿನವರೇ. ಪ್ರವಾಸಿಗರು ನೋಡಲು ಹಣ ಕೊಡುವ ಆನೆಗೆ ಮೇವು ಹಾಕುತ್ತಿರುವವರು ಈ ಮನೆಗಳವರು ಎಂಬುದು ನಮ್ಮ ವಸತಿಗೃಹಗಳ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ, ಮತ್ತು ಆ ಲೆಕ್ಕ ಬರೆಯುವವನಾದ ನನಗೆ ಇದು ಪ್ರತಿ ವರ್ಷ ಚುಚ್ಚುತ್ತದೆ. ಊರಿನಿಂದ ಬರುವಾಗ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ತಂದಿದ್ದೆ. ಅದರ ಬಣ್ಣ ಕಂಡು ಅಮಾಯಿ ಬಹಳ ಸಂತೋಷಪಟ್ಟರು. ಖಾರ ಸಾಲದೆಂದು ಆನೆಗೆ ಬೇಡ, ಅಡುಗೆಗೆ ಇರಲಿ ಎಂದು ಒಳಗಿಟ್ಟುಕೊಂಡರು.

ಈ ಸಲ ಬಂದ ದಿನ ರಾತ್ರಿ ಸೊಳ್ಳೆಪರದೆಯೊಳಗೆ ಬಹಳ ಹೊತ್ತು ಎಚ್ಚರವಾಗಿದ್ದೆ. ಕೆರೆಯ ಕಡೆಯಿಂದ ನೀರಾನೆಗಳ ಗೊರಕೆಯಂಥ ಕೂಗು, ಆಮೇಲೆ ದೂರದಲ್ಲಿ ಕತ್ತೆಕಿರುಬ. ನಡುರಾತ್ರಿ ದಾಟಿದ ಮೇಲೆ ಹೊಲದ ಕಡೆಯಿಂದ ಡಬ್ಬ ಬಡಿಯುವ ಸದ್ದು ಬಂತು. ಮೊದಲು ಒಂದು ಅಟ್ಟಣೆಯಿಂದ, ಆಮೇಲೆ ಅದರ ಬಲಕ್ಕಿರುವ ಇನ್ನೊಂದರಿಂದ. ಆನೆ ನದಿಯತ್ತ ತಿರುಗಿದೆ ಎಂದು ಹಾಸಿಗೆಯಲ್ಲಿದ್ದುಕೊಂಡೇ ತಿಳಿಯಿತು. ಕಿವಿ ಮರಳಿ ಬರುತ್ತಿತ್ತು.