ಸಂಪಾದಕರ ಉತ್ತರ: ಮರೆತರೆ ಪಾಪ ಕಳೆಯುತ್ತದೆಯೇ?

ನಮ್ಮ ಕಾಸರಗೋಡಿನ ಬದಿಯಡ್ಕದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಕೋಪದ ಪತ್ರ, ಆದರೆ ಪ್ರೀತಿಯಿಂದ ಬರೆದದ್ದು. ಕಳೆದ ಸಂಚಿಕೆಯಲ್ಲಿ ನಾವು ಒಂದು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಓದಿ ಎಂದಿದ್ದೆವು. ಒಂದು ಕತ್ತಲೆ ಬಂದರು ನಗರ, ಜನರ ನೆನಪನ್ನೇ ಕಿತ್ತುಕೊಂಡು ಅಡವಿಟ್ಟುಕೊಳ್ಳುವ ಒಂದು ಗ್ಯಾಂಗು, ತಾನು ಯಾರೆಂದೇ ಗೊತ್ತಿಲ್ಲದೆ ಗೋದಾಮಿನಲ್ಲಿ ಎಚ್ಚರಗೊಳ್ಳುವ ನಾಯಕ. ಈ ಓದುಗರು ಮಗನಿಂದ ಪುಸ್ತಕ ತರಿಸಿ ನೂರು ಪುಟ ಓದಿದರಂತೆ. ತಲೆಬುಡ ತಿಳಿಯಲಿಲ್ಲ, ರಕ್ತ ಜಾಸ್ತಿ ಆಯಿತು. ಪತ್ರದ ಕೊನೆಗೆ ಕೇಳುತ್ತಾರೆ: “ನಾವು ಯಕ್ಷಗಾನದ ಕವಿ ಪಾರ್ತಿಸುಬ್ಬನ ನೆಲದವರು. ನಮಗೆ ಈ ಗೂಂಡಾಗಳ ಕಥೆ ಯಾಕೆ? ಅದೂ ಮಕ್ಕಳು ಕನ್ನಡವನ್ನೇ ಮರೆಯುತ್ತಿರುವ ಹೊತ್ತಲ್ಲಿ?”

ಮೊದಲು ತಲೆಬುಡದ ವಿಷಯ. ಅದು ಬೇಕೆಂದೇ ಮಾಡಿದ್ದು. ನಾಯಕನಿಗೆ ಎಷ್ಟು ಗೊತ್ತೋ ಅಷ್ಟೇ ಓದುವವರಿಗೂ ಗೊತ್ತಾಗಬೇಕು ಅನ್ನುವುದು ಈ ಬಗೆಯ ಕಥೆಯ ಕಟ್ಟು. ಯಾರು ಯಾರ ತಮ್ಮ, ಯಾವ ಗ್ಯಾಂಗು ಯಾವ ಬೀದಿಯದ್ದು ಅಂತ ನೆನಪಿಡಲು ಹೋಗಬೇಡಿ, ಸುಸ್ತಾಗುತ್ತದೆ. ಅವನನ್ನು ಕಂಡವರ ಮುಖ ನೋಡುತ್ತಾ ಹೋಗಿ. ಹೋಟೆಲಿನವನು ಅವನಿಂದ ಯಾಕೆ ದುಡ್ಡು ತೆಗೆದುಕೊಳ್ಳುವುದಿಲ್ಲ? ಹೂ ಮಾರುವ ಮುದುಕಿ ಅವನನ್ನು ಕಂಡ ಕೂಡಲೇ ಅಂಗಡಿ ಮುಚ್ಚುವುದು ಯಾಕೆ? ಅವನ ಹಳೆಯ ಬದುಕು ಅವನ ತಲೆಯಿಂದ ಹೋಗಿದೆ, ಊರಿನ ಮೈಯಲ್ಲಿ ಹಾಗೇ ಉಳಿದಿದೆ. ನೂರು ಪುಟದ ತನಕ ಓದಿದವರು ಇನ್ನು ಐವತ್ತು ಪುಟ ಓದಿ ನೋಡಿ, ಕಥೆ ಹಿಡಿಯುತ್ತದೆ.

“ನೆನಪೇ ಇಲ್ಲದವನು ಅಷ್ಟು ಚೆನ್ನಾಗಿ ಚಾಕು ಹಿಡಿಯುವುದು ಹೇಗೆ, ಸುಳ್ಳಲ್ವಾ?” ಎಂದೂ ಕೇಳಿದ್ದೀರಿ. ಸುಳ್ಳಲ್ಲ. ಅಮೆರಿಕದ ಹೆನ್ರಿ ಮೊಲೇಸನ್ ಎಂಬವರಿಗೆ 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ಅಪಸ್ಮಾರ ನಿಲ್ಲಿಸಲೆಂದು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ಎರಡೂ ಕಡೆಯಿಂದ ತೆಗೆದುಬಿಟ್ಟರು. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಹೊಸ ವಿಷಯ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೊಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ಎಳೆಯಬೇಕು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಅದೇ ಕೆಲಸ ಮಾಡಿದ್ದು ಅವರಿಗೆ ನೆನಪೇ ಇರಲಿಲ್ಲ. ಕೈಯ ನೆನಪು ಬೇರೆ, ತಲೆಯ ನೆನಪು ಬೇರೆ. ಸಿನಿಮಾದಲ್ಲಿ ಇನ್ನೊಂದು ಪೆಟ್ಟು ಬಿದ್ದ ಕೂಡಲೇ ಎಲ್ಲ ನೆನಪಾಗುತ್ತದಲ್ಲ, ಸುಳ್ಳು ಅಂದರೆ ಅದು.

ಇನ್ನು ನಾನು ಈ ಪುಸ್ತಕ ಓದಿ ಎಂದು ಹೇಳಿದ ಕಾರಣಕ್ಕೆ ಬರುತ್ತೇನೆ. ಶಕುಂತಲೆಯ ಕಥೆ ನಿಮಗೆ ಗೊತ್ತು. ದುರ್ವಾಸರ ಶಾಪ, ಕಳೆದುಹೋದ ಉಂಗುರ, ದುಷ್ಯಂತನ ಮರೆವು. ಆದರೆ ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿಟ್ಟುಕೊಂಡೇ, ತುಂಬಿದ ಸಭೆಯಲ್ಲಿ, ಮಗನ ಕೈ ಹಿಡಿದು ಬಂದ ಹೆಂಡತಿಯನ್ನು ನೀನು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಕೊನೆಗೆ ಆಕಾಶವಾಣಿ ಆದ ಮೇಲೆ, ಜನ ಸಂಶಯಪಡಬಾರದೆಂದು ಹಾಗೆ ಮಾಡಿದೆ ಅನ್ನುತ್ತಾನೆ. ನಾಟಕಕ್ಕೆ ಶಾಪ ತಂದವನು ಕಾಳಿದಾಸ. ಆ ಮರೆವಿನಿಂದ ರಾಜನ ತಪ್ಪು ತೊಳೆದುಹೋಯಿತು, ನಾವೂ ಅವನ ಜೊತೆ ಅತ್ತೆವು.

ಮರೆವಿನ ಕಥೆ ಯಾವುದನ್ನೇ ಓದಿದರೂ ನಾನು ಇದನ್ನೇ ಹುಡುಕುತ್ತೇನೆ. ಇಲ್ಲಿ ಮರೆವು ಯಾರನ್ನು ಕಾಪಾಡುತ್ತಿದೆ? ಈ ಕಾದಂಬರಿಯ ಅರ್ಧಕ್ಕೆ ಬಂದಾಗ ನಾಯಕನಿಗೆ ತಾನು ಎಂಥವನಾಗಿದ್ದೆ ಎಂದು ಗೊತ್ತಾಗುತ್ತದೆ, ಆದರೆ ಬೇರೆಯವರ ಬಾಯಿಂದ. ತಾನು ಕೊಂದವರ ಹೆಸರು ಅವನಿಗೇ ನೆನಪಿಲ್ಲ. ಸತ್ತವನ ತಂಗಿ ಎದುರು ನಿಂತು, ನನಗೆ ಎಲ್ಲ ನೆನಪಿದೆ, ನಿನಗೆ ಮಾತ್ರ ಮರೆಯುವ ಭಾಗ್ಯ ಯಾಕೆ ಎಂದು ಕೇಳುತ್ತಾಳೆ. ಅವನು ನನಗೇನೂ ಗೊತ್ತಿಲ್ಲ ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. ಅನ್ನುವುದಿಲ್ಲ. ಆ ಎರಡು ಪುಟಕ್ಕಾಗಿ ನಾನು ಇಡೀ ಪುಸ್ತಕವನ್ನು ಒಪ್ಪಿಕೊಂಡೆ.

ಗೂಂಡಾಗಳ ಕಥೆ ಯಾಕೆ ಅಂದಿರಿ. ಪಾರ್ತಿಸುಬ್ಬನ ಹೆಸರು ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಹೇಳುತ್ತೇನೆ. ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನ ಬಣ್ಣದ ವೇಷ ನೋಡಲು ನಮ್ಮ ಅಜ್ಜ ಅಜ್ಜಿಯರು ನಿದ್ದೆ ಬಿಟ್ಟು ಕೂತವರು. ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು, ತೆರೆಯ ಹಿಂದಿನಿಂದ ಅಬ್ಬರಿಸಿ, ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುವ ರಕ್ಕಸ! ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ರಾಮನನ್ನು ಪ್ರಶ್ನಿಸಿದರೆ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಕೇಳಿದವರು ವಾಲಿಯ ಪಕ್ಷ ಸೇರಲಿಲ್ಲ, ಆದರೆ ವಾಲಿಗೂ ಒಂದು ಮಾತಿದೆ ಎಂದು ಕಲಿತರು. ಕೆಟ್ಟವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಕಾಸರಗೋಡಿಗೆ ಹೊಸದಲ್ಲ. ಈ ಪರದೇಶದ ಕಾದಂಬರಿಯನ್ನು ಓದಲು ಆ ಕಿವಿಯೇ ಸಾಕು.

ಪುಸ್ತಕದಲ್ಲಿ ಕೊರತೆಗಳಿವೆ, ಅದನ್ನೂ ಹೇಳಬೇಕು. ನೆನಪು ಕೀಳುವ ಮಾಟದ ವಿವರಣೆ ಸುಮ್ನೆ ಉದ್ದವಾಗಿದೆ. ಇಬ್ಬರು ಹೆಂಗಸರು ಸಾಯುವುದು ನಾಯಕನಿಗೆ ಏನೋ ನೆನಪಾಗಲಿ ಎಂಬ ಒಂದೇ ಕಾರಣಕ್ಕೆ. ಅದು ನನಗೆ ಹಿಡಿಸಲಿಲ್ಲ. ರಕ್ತ ಜಾಸ್ತಿ ಎಂಬ ನಿಮ್ಮ ಮಾತು ಅಲ್ಲಿ ಸರಿ.

ಇನ್ನು ಕನ್ನಡ ಮರೆಯುವ ಮಾತು. ಅದು ಓದಿ ನನಗೆ ಸಂಕಟವಾಯಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಅಜ್ಜ ಕನ್ನಡದಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಓದಲಾಗದ ಮೊಮ್ಮಕ್ಕಳು ಈಗ ನಮ್ಮ ಮನೆಗಳಲ್ಲೇ ಇದ್ದಾರೆ. ಅದಕ್ಕೇ ಈ ಕಥೆ ನನಗೆ ದೂರದ್ದು ಅನ್ನಿಸಲಿಲ್ಲ. ನೆನಪು ಹೋದ ನಾಯಕನಿಗೆ ಸಿಕ್ಕ ಸಿಕ್ಕವರೆಲ್ಲ ತಮಗೆ ಬೇಕಾದ ಹಾಗೆ ಅವನ ಹಿಂದಿನ ಕಥೆ ಹೇಳುತ್ತಾರೆ. ಅವನು ನಂಬಬೇಕಾಗುತ್ತದೆ, ಯಾಕೆಂದರೆ ತಾಳೆ ನೋಡಲು ಅವನ ಹತ್ತಿರ ಏನೂ ಇಲ್ಲ. ನಿಮ್ಮ ಮಗ ಇದನ್ನು ಓದಿದ್ದಾನಲ್ಲ, ಅವನ ಹತ್ತಿರ ಈ ಮಾತು ಎತ್ತಿ. ಕನ್ನಡದಲ್ಲೇ ಎತ್ತಿ. ಅವನು ಏನಾದರೂ ಬರೆದರೆ ಕಳಿಸಿ, ನಾಲ್ಕು ಸಾಲಾದರೂ ಹಾಕುತ್ತೇವೆ.

ಹತ್ತನೇ ಕ್ಲಾಸಿನ ಮಗಳಿಗೂ ಕೊಡಬಹುದೇ ಎಂದು ಕೇಳಿದ್ದೀರಿ. ಈಗ ಬೇಡ. ಗೋದಾಮಿನಲ್ಲಿ ಒಬ್ಬನನ್ನು ಹಿಂಸಿಸುವ ಅಧ್ಯಾಯ ದೊಡ್ಡವರಿಗೇ ಕಷ್ಟ. ಎರಡು ವರ್ಷ ಕಳೆಯಲಿ, ಆಮೇಲೂ ಮೊದಲು ನೀವು ಮುಗಿಸಿ, ನಂತರ ಅವಳ ಕೈಗೆ ಕೊಡಿ.