ಸಮೀಕ್ಷೆಯಲ್ಲಿ ಜನ ನಿಜ ಹೇಳದಿದ್ದರೆ ಡ್ರಗ್ಸ್ ಬಳಕೆಯ ಲೆಕ್ಕ ಸಿಗುವುದು ಹೇಗೆ?

ಚರಂಡಿ ನೀರಿನಿಂದ. ಕೊಕೇನ್ ದೇಹದೊಳಗೆ ಒಡೆದು ಬೆನ್ಜಾಯ್ಲ್‌ಎಕ್ಗೊನಿನ್ ಎಂಬ ರಾಸಾಯನಿಕವಾಗಿ ಮೂತ್ರದಲ್ಲಿ ಹೊರಬೀಳುತ್ತದೆ. ಊರಿನ ಕೊಳಚೆ ನೀರಿನಲ್ಲಿ ಅದು ಎಷ್ಟಿದೆಯೆಂದು ಅಳೆದು, ಹರಿವು ಮತ್ತು ಜನಸಂಖ್ಯೆಯೊಂದಿಗೆ ಲೆಕ್ಕ ಹಾಕಿದರೆ ಬಳಕೆಯ ಅಂದಾಜು ಸಿಗುತ್ತದೆ. ಯಾರ ಹೆಸರೂ ಬೇಕಿಲ್ಲ, ನನಗೆ ಇದರಲ್ಲಿ ಹಿಡಿಸುವುದೇ ಅದು.

2005ರಲ್ಲಿ ಇಟಲಿಯ ಮಾರಿಯೋ ನೆಗ್ರಿ ಸಂಸ್ಥೆಯವರು ಪೋ ನದಿಯ ನೀರನ್ನು ಪರೀಕ್ಷಿಸಿದಾಗ, ಅಧಿಕೃತ ಅಂದಾಜಿಗಿಂತ ಬಳಕೆ ಹೆಚ್ಚೇ ಇರುವಂತೆ ಕಂಡಿತು. 2011ರಲ್ಲಿ ಯುರೋಪಿನ 19 ನಗರಗಳು ಒಂದೇ ವಾರ ಇದೇ ರೀತಿ ಅಳೆದವು. ಕೊಕೇನ್ ವಾರಾಂತ್ಯದಲ್ಲಿ ಏರುವುದು ಗೊತ್ತಾಯಿತು.

ಆದರೆ ಸೇದಿದವರೆಷ್ಟು, ಚುಚ್ಚಿಕೊಂಡವರೆಷ್ಟು ಎಂದು ನೀರು ಹೇಳದು. ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಮುಖ್ಯವಾಗಿ ಹರಡುವುದು ಹಂಚಿಕೊಂಡ ಸೂಜಿಯಿಂದ. ಅದನ್ನು ತಿಳಿಯಲು ಬಳಸುವವರನ್ನೇ ನಂಬಿಕೆಯಿಂದ ಮಾತಾಡಿಸಬೇಕು.