ದವಡೆಗೆ ಪ್ಲೇಟ್ ಹಾಕಿಸಿದ ಮೇಲೆ ಕೀವು

ಪ್ರಶ್ನೆ: ಬೈಕಿನಿಂದ ಬಿದ್ದು ಕೆಳದವಡೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. 5 ದಿನದ ಮಾತ್ರೆಯನ್ನು 3 ದಿನಕ್ಕೇ ಬಿಟ್ಟೆ, ನೋವು ಇಳಿದಿತ್ತು ನೋಡಿ. ಈಗ 3 ವಾರ. ಬೆಳಿಗ್ಗೆ ಎದ್ದರೆ ಬಾಯೆಲ್ಲ ಉಪ್ಪುಪ್ಪು, ದಿಂಬಿನ ಮೇಲೆ ಹಳದಿ ಕಲೆ. ಕೆಳತುಟಿ ಜೋಮು ಹಿಡಿದ ಹಾಗೇ ಇದೆ. ಪ್ಲೇಟ್ ತೆಗೆಸಬೇಕಾ?
- ಓದುಗ, ಬಾಗಲಕೋಟೆ

ಉತ್ತರ: ಆ ಉಪ್ಪು ರುಚಿ ಹೆಚ್ಚಾಗಿ ಕೀವಿನದೇ. ಉಳಿದ ಮಾತ್ರೆ ಹುಡುಕಿ ನುಂಗಬೇಡಿ. ನಾಳೆಯೇ ಆಪರೇಷನ್ ಮಾಡಿದವರ ಹತ್ತಿರ ಹೋಗಿ. ಎಕ್ಸರೇ ತೆಗೆದು ಸ್ಕ್ರೂ ಸಡಿಲಾಗಿದೆಯಾ, ಮುರಿದ ಜಾಗದ ಹಲ್ಲು ಕೆಟ್ಟಿದೆಯಾ ಅಂತ ನೋಡುತ್ತಾರೆ, ಕೀವು ತುಂಬಿದ್ದರೆ ಅದನ್ನು ಹೊರಗೆ ತೆಗೆಯದೆ ಬರೀ ಮಾತ್ರೆಯಿಂದ ಆಗಲ್ಲ. ಪ್ಲೇಟ್ ಗಟ್ಟಿಯಾಗಿದ್ದರೆ ಮೂಳೆ ಕೂಡುವವರೆಗೆ ಬಿಡುವುದುಂಟು. ಅಲುಗಾಡುತ್ತಿದ್ದರೆ ತೆಗೆದು ಬೇರೆ ಹಾಕಬೇಕಾಗಬಹುದು.

ತುಟಿಯ ಜೋಮು ಬೇರೆ ಮಾತು. ಕೆಳದವಡೆಯೊಳಗೆ ಹಾಯುವ ನರಕ್ಕೆ ಪೆಟ್ಟಾದರೆ ಹೀಗಾಗುತ್ತದೆ, ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಬಿಸಿ ಚಹಾ ಜೋಪಾನ, ತುಟಿ ಸುಟ್ಟರೂ ಗೊತ್ತಾಗಲ್ಲ.

ನೀವು ಬರೆದಿಲ್ಲ, ಆದರೂ ನಮ್ಮ ಕಡೆಯವರಲ್ವಾ, ಕೇಳುತ್ತೇನೆ: ಗುಟ್ಕಾ, ಸಿಗರೇಟ್ ಇದೆಯಾ? ಗಾಯ ಮಾಯಲು ಬಿಡಲ್ಲ ಅವು. ಖಡಕ್ ರೊಟ್ಟಿ ಸದ್ಯಕ್ಕೆ ಬೇಡ, ನುಚ್ಚು ಮಜ್ಜಿಗೆ ಸಾಕು. ಉಂಡಾಗಲೆಲ್ಲ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಮುಕ್ಕಳಿಸಿ. ಆದರೆ ಗದ್ದದ ಕೆಳಗೆ ಬಾವು ಏರುತ್ತಿದ್ದರೆ, ಉಗುಳು ನುಂಗಲೂ ಆಗದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ, ಇವುಗಳಲ್ಲಿ ಒಂದಿದ್ದರೂ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.